ಹಿಂದಿನ ಸೀಟಿನಡಿಯ ಜಾತಕ

ಅಮೆರಿಕದ ಯಾವುದೋ ಊರಿನ ಗ್ಯಾರೇಜು, ಶನಿವಾರದ ಬೆಳಿಗ್ಗೆ. ಒಳಗೆ 1970ರ ಷೆವರ್ಲೆ ಷೆವೆಲ್ ಕಾರೊಂದಿದೆ. ಬಣ್ಣ ಹೋಗಿದೆ, ಟೈರುಗಳಲ್ಲಿ ಗಾಳಿಯಿಲ್ಲ, ಬಾಗಿಲು ತೆಗೆದರೆ ಅಟ್ಟದ ಮೇಲಿನ ಟ್ರಂಕು ತೆಗೆದ ಹಾಗೆ ವಾಸನೆ. ಹೋದ ವಾರವಷ್ಟೇ ಅದನ್ನು ಕೊಂಡು ತಂದವನು ಒಳಗೆ ನುಗ್ಗಿ ಕುಕ್ಕರಗಾಲಲ್ಲಿ ಕೂತು, ಹಿಂದಿನ ಸೀಟಿನ ಅಂಚಿಗೆ ಎರಡೂ ಕೈ ಕೊಟ್ಟು ಹಿಂದಕ್ಕೆ ಒತ್ತಿ ಮೇಲಕ್ಕೆತ್ತುತ್ತಾನೆ. ಖಟ್ ಎಂದು ಕೊಕ್ಕೆ ಬಿಡುತ್ತದೆ.

ಸೀಟು ಬೋರಲಾಗುತ್ತಲೇ ಐವತ್ತು ವರ್ಷದ ಸಂಸಾರ ಹೊರಬೀಳುತ್ತದೆ. ಹೇರ್‌ಪಿನ್ನು, ನಾಣ್ಯ, ಪೆನ್ಸಿಲ್ ತುಂಡು, ಕಲ್ಲಿನಂತಾದ ಪಾಪ್‌ಕಾರ್ನು, ಇಲಿ ಕಟ್ಟಿಕೊಂಡ ಗೂಡು. ತುಕ್ಕು ಹಿಡಿದ ಸ್ಪ್ರಿಂಗುಗಳಿಗೂ ಅವುಗಳ ಮೇಲಿನ ಗೋಣಿತಾಟಿಗೂ ನಡುವೆ, ಒಣಗಿದ ಬಾಳೆಪಟ್ಟೆಯ ಬಣ್ಣದ ಏನೋ ಒಂದು ಸಿಕ್ಕಿಕೊಂಡಿದೆ. ಟಾರ್ಚು ಬಿಟ್ಟು ನೋಡಿದರೆ ಕಾಗದ. ಅದರ ತುದಿಯಲ್ಲಿ ಅಚ್ಚಾದ ಪುಟ್ಟ ಚೌಕಗಳು, ಚೌಕಗಳೊಳಗೆ ಅಂಕಿ, ಅಕ್ಷರ.

ಅವನ ಕೈ ನಡುಗುವುದು ಇಲ್ಲಿ. ಕಾರಿಗೆ ಕೊಟ್ಟ ದುಡ್ಡು ಮೂರ್ಖತನವೋ ಅದೃಷ್ಟವೋ ಎಂಬುದು ಆ ಕಾಗದದ ಮೇಲೆ ನಿಂತಿದೆ. ಅದನ್ನು ಹಿಡಿದೆಳೆಯಬೇಕು ಎನ್ನಿಸುವುದೂ ಆಗಲೇ. ಹಾಗೆ ಎಳೆದು ಎರಡು ತುಂಡು ಮಾಡಿಕೊಂಡವರು ಬೇಕಾದಷ್ಟು ಮಂದಿ ಇದ್ದಾರೆ.

ದರ್ಶಿನಿಯ ಕೂಪನ್ನು

ಈ ಕಾಗದಕ್ಕೆ ಹಳೇ ಕಾರಿನ ಹುಚ್ಚು ಹತ್ತಿದವರು ‘ಬಿಲ್ಡ್ ಶೀಟ್’ ಎನ್ನುತ್ತಾರೆ. ಕ್ರೈಸ್ಲರ್ ಕಂಪನಿಯ ಕಾರುಗಳವರ ಬಾಯಲ್ಲಿ ಅದು ‘ಬ್ರಾಡ್‌ಕಾಸ್ಟ್ ಶೀಟ್’. ಹೆಸರು ಗಂಭೀರವಾಗಿದ್ದರೂ ಹುಟ್ಟು ಬಹಳ ಸಾಧಾರಣ. ದರ್ಶಿನಿಯಲ್ಲಿ ದುಡ್ಡು ಕೊಟ್ಟು ಪಡೆದ ಕೂಪನ್ನನ್ನು ದೋಸೆ ಹುಯ್ಯುವವನ ಮುಂದೆ ಇಡುತ್ತೇವೆ. ಅವನು ದೋಸೆ ಕೊಟ್ಟು ಕೂಪನ್ನನ್ನು ಮೊಳೆಗೆ ಚುಚ್ಚುತ್ತಾನೆ. ಬಿಲ್ಡ್ ಶೀಟೂ ಅದೇ ಜಾತಿಯದು.

ಅರವತ್ತರ ದಶಕದ ಅಮೆರಿಕದಲ್ಲಿ ಕಾರು ಕೊಳ್ಳುವುದೆಂದರೆ ಷೋರೂಮಿನಲ್ಲಿ ಕೂತು ಒಂದೊಂದನ್ನೂ ಆರಿಸುವುದು. ಎಂಜಿನ್ ಯಾವುದು, ಗೇರು ಕೈಯಲ್ಲಿ ಹಾಕುವುದೋ ತಾನೇ ಬೀಳುವುದೋ, ರೇಡಿಯೊ ಬೇಕೋ ಬೇಡವೋ, ಸೀಟಿನ ಬಣ್ಣ ಯಾವುದು. ಒಂದೇ ಸಾಲಿನಲ್ಲಿ ಒಂದರ ಹಿಂದೊಂದು ಬರುವ ಎರಡು ಕಾರು ಒಂದೇ ಥರ ಇರುವುದು ಅಪರೂಪ. ಸಾಧಾರಣ ಕಾರ್ಖಾನೆಯಲ್ಲಿ ನಿಮಿಷಕ್ಕೆ ಒಂದರಂತೆ ಕಾರು ಹೊರಬೀಳುತ್ತಿತ್ತು. 1970ರ ಹೊತ್ತಿಗೆ ಒಹಾಯೊದ ಲಾರ್ಡ್ಸ್‌ಟೌನ್ ಕಾರ್ಖಾನೆಯನ್ನು ಗಂಟೆಗೆ 100 ಕಾರಿನ ಲೆಕ್ಕಕ್ಕೆ ಸಜ್ಜುಗೊಳಿಸಿದ್ದರು. ಈ ಓಟದಲ್ಲಿ ಬಂಪರ್ ಕೂರಿಸುವವನು ಇಂಥ ಕಾರಿಗೆ ಇಂಥ ಬಂಪರ್ ಎಂದು ನೆನಪಿಟ್ಟುಕೊಳ್ಳುವುದು ಆಗದ ಮಾತು.

ಅದಕ್ಕೇ ಈ ಹಾಳೆ. ಡೀಲರ್ ಕಳಿಸಿದ ಆರ್ಡರು ಕಾರ್ಖಾನೆ ತಲುಪಿದ ಮೇಲೆ ಸಂಕೇತಗಳಾಗಿ ಮಾರ್ಪಟ್ಟು, ಟೆಲಿಟೈಪ್ ಮತ್ತು ಕಂಪ್ಯೂಟರ್ ಪ್ರಿಂಟರುಗಳ ಮೂಲಕ ಬೇರೆ ಬೇರೆ ವಿಭಾಗಗಳಲ್ಲಿ ಒಟ್ಟಿಗೇ ಅಚ್ಚಾಗುತ್ತಿತ್ತು. ಸುದ್ದಿಯನ್ನು ಎಲ್ಲ ಕಡೆಗೂ ‘ಪ್ರಸಾರ’ ಮಾಡುವುದರಿಂದಲೇ ಬ್ರಾಡ್‌ಕಾಸ್ಟ್ ಎಂಬ ಹೆಸರು. ಸೀಟು ಕಟ್ಟುವವರು ತಮ್ಮ ಪ್ರತಿಯನ್ನು ಸೀಟಿನ ಸ್ಪ್ರಿಂಗಿಗೆ ಸಿಕ್ಕಿಸುತ್ತಿದ್ದರು. ಈ ಸೀಟು ಯಾವ ಕಾರಿಗೆ ಎಂದು ಮುಂದಿನವನಿಗೆ ಅದರಿಂದ ತಿಳಿಯುತ್ತಿತ್ತು. ಕೆಲಸ ಮುಗಿಯಿತು, ಹಾಳೆಯ ಕತೆಯೂ ಮುಗಿಯಿತು. ಆದರೆ ಅಲ್ಲಿ ಚುಚ್ಚಿಡಲು ಮೊಳೆ ಇರಲಿಲ್ಲ. ತೆಗೆದು ಬಿಸಾಡುವುದೂ ಒಂದು ಕೆಲಸವೇ, ಅದಕ್ಕೆ ಯಾರಿಗೂ ಸಂಬಳವಿಲ್ಲ. ಹಾಳೆ ಸೀಟಿನೊಳಗೇ ಉಳಿಯಿತು.

ಬರೆದವರಿಗೆ, ಓದಿದವರಿಗೆ, ಸಿಕ್ಕಿಸಿದವರಿಗೆ ಅದು ಕಸವಾಗಿತ್ತು. ಇವತ್ತು ಅದಕ್ಕೆ ಸಾಕ್ಷಿಯ ಬೆಲೆ ಬಂದಿರುವುದಕ್ಕೆ ಇದೇ ಕಾರಣ ಎಂದು ನನ್ನ ಎಣಿಕೆ. ಸಾಕ್ಷಿ ಹೇಳಬೇಕೆಂದು ಯಾರೂ ಅದನ್ನು ಬರೆದಿರಲಿಲ್ಲ.

ನಂಬರು ಹೇಳದ ಗುಟ್ಟು

ಹಾಗಾದರೆ ಚಾಸಿ ನಂಬರು ಇದೆಯಲ್ಲ, ಅದು ಸಾಲದೇ ಎಂದು ಕೇಳಬಹುದು. ಈಗ ನಾವು ನೋಡುವ 17 ಅಕ್ಷರಾಂಕಿಗಳ ನಂಬರು ಅಮೆರಿಕದಲ್ಲಿ ಕಡ್ಡಾಯವಾದದ್ದು 1981ರ ಮಾದರಿಗಳಿಂದ. ಅದಕ್ಕೆ ಮೊದಲು ಒಂದೊಂದು ಕಂಪನಿಗೂ ಒಂದೊಂದು ಪದ್ಧತಿ. ಫೋರ್ಡ್ ಮತ್ತು ಕ್ರೈಸ್ಲರ್ ತಮ್ಮ ನಂಬರಿನ ಐದನೇ ಸ್ಥಾನದಲ್ಲಿ ಎಂಜಿನ್ನಿನ ಗುರುತು ಇಡುತ್ತಿದ್ದವು. ಷೆವರ್ಲೆಯ 13 ಅಕ್ಷರಾಂಕಿಗಳ ನಂಬರಿನಲ್ಲಿ, 1972ಕ್ಕೆ ಮುಂಚೆ, ಆರು ಸಿಲಿಂಡರೋ ಎಂಟೋ ಎಂಬುದಷ್ಟೇ ಗೊತ್ತಾಗುತ್ತದೆ.

ನಮ್ಮ ಗ್ಯಾರೇಜಿನ 1970ರ ಷೆವೆಲ್ಲನ್ನೇ ತೆಗೆದುಕೊಳ್ಳಿ. ಆ ವರ್ಷದ ಮಾಲಿಬು ಎರಡು ಬಾಗಿಲ, ಗಟ್ಟಿ ಚಾವಣಿಯ ಎಂಟು ಸಿಲಿಂಡರ್ ಕಾರುಗಳ ನಂಬರೆಲ್ಲ 13637 ಎಂದೇ ಶುರುವಾಗುತ್ತದೆ. ಅದರಲ್ಲಿ 200 ಅಶ್ವಶಕ್ತಿಯ ಸಾಧು ಎಂಜಿನ್ ಕೂರಿಸಿ, ಸಂತೆಗೆ ಹೋಗಿ ಬರಲು ಕೊಂಡವರಿದ್ದರು. ಅದೇ ಕಾರಿಗೆ ‘ಎಸ್‌ಎಸ್’ ಪ್ಯಾಕೇಜು ಸೇರಿಸಿ, ಎಲ್‌ಎಸ್6 ಎಂಬ 450 ಅಶ್ವಶಕ್ತಿಯ ಎಂಜಿನ್ ಹಾಕಿಸಿಕೊಂಡವರೂ ಇದ್ದರು. ಎರಡಕ್ಕೂ ನಂಬರಿನ ತಲೆ ಒಂದೇ. ಎಲ್‌ಎಸ್6 ಎಂಜಿನ್ ತಯಾರಾದದ್ದೇ 4,475. ಇವತ್ತಿನ ಬೆಲೆಯಲ್ಲಿ ಸಾಧುವಿಗೂ ದೈತ್ಯನಿಗೂ ಹಲವು ಪಟ್ಟು ಅಂತರ.

ಅಂತರ ಇದ್ದಲ್ಲಿ ಆಸೆ ಹುಟ್ಟುತ್ತದೆ. ಸಾಧು ಕಾರಿಗೆ ದೈತ್ಯನ ಎಂಜಿನ್ ಇಳಿಸಿ, ಬಾನೆಟ್ಟಿಗೆ ಪಟ್ಟೆ ಬಳಿದು, ಎಸ್‌ಎಸ್ ಬಿಲ್ಲೆ ಅಂಟಿಸುವುದು ಕಷ್ಟವಲ್ಲ. ಬಿಡಿಭಾಗಗಳೆಲ್ಲ ಹೊಸದಾಗಿ ಸಿಗುತ್ತವೆ. ಎಂಜಿನ್ನಿನ ಮೈಮೇಲೆ ಕಾರಿನ ನಂಬರಿನ ಕೊನೆಯ ಭಾಗವನ್ನು ಕಾರ್ಖಾನೆಯವರೇ ಕುಟ್ಟಿರುತ್ತಾರೆ ನಿಜ, ಆದರೆ ಕುಟ್ಟಿದ್ದನ್ನು ಅರೆದು ಮತ್ತೆ ಕುಟ್ಟಬಹುದು. ಕಬ್ಬಿಣಕ್ಕೆ ಸುಳ್ಳು ಕಲಿಸುವುದು ಸುಲಭ. ಸೀಟಿನಡಿಯ ಕಾಗದಕ್ಕೆ ಕಲಿಸುವುದು ಸ್ವಲ್ಪ ಕಷ್ಟ.

ಹಾಳೆಯ ಚೌಕಗಳಲ್ಲಿರುವ ಸಂಕೇತಗಳು ಮೊದಲ ನೋಟಕ್ಕೆ ಪಂಚಾಂಗದ ಕುಂಡಲಿಯಂತೆ ಕಾಣುತ್ತವೆ. ಓದಲು ಬಲ್ಲವನಿಗೆ ಇಡೀ ಕಾರು ಎದ್ದುನಿಲ್ಲುತ್ತದೆ. ಎಂ21 ಎಂದರೆ ನಾಲ್ಕು ಗೇರಿನ, ಹತ್ತಿರ ಹತ್ತಿರದ ಅನುಪಾತದ ಗೇರ್‌ಬಾಕ್ಸು. ಸಿ60 ಎಂದರೆ ಹವಾನಿಯಂತ್ರಣ. ಯು63 ಎಂದರೆ ಮಾಮೂಲಿ ಎಎಂ ರೇಡಿಯೊ. ಎನ್40 ಎಂದರೆ ಪವರ್ ಸ್ಟೀರಿಂಗ್. 450 ಅಶ್ವಶಕ್ತಿಯ ಎಂಜಿನ್ ಬರೆಸಿಕೊಂಡು ರೇಡಿಯೊ ಚೌಕವನ್ನು ಖಾಲಿ ಬಿಡಿಸಿದ ಹಾಳೆ ಸಿಕ್ಕಿದರೆ, ಆ ಗಿರಾಕಿ ಎಂಥವನಿದ್ದ ಎಂದು ಬೇರೆ ಹೇಳಬೇಕಾಗಿಲ್ಲ. ಹಾಡು ಕೇಳಲು ಅವನಿಗೆ ಪುರುಸೊತ್ತಿರಲಿಲ್ಲ.

ಎಲ್ಲೆಲ್ಲಿ ಅಡಗಿರುತ್ತದೆ

ಹಿಂದಿನ ಸೀಟಿನ ಕೆಳಭಾಗ ಮತ್ತು ಒರಗುವ ಭಾಗ, ಮುಂದಿನ ಎರಡು ಸೀಟುಗಳ ಸ್ಪ್ರಿಂಗು, ನೆಲಹಾಸಿನ ಅಡಿ, ಗ್ಲೋವ್ ಬಾಕ್ಸಿನ ತಲೆಯ ಮೇಲೆ. ಇಷ್ಟು ಕಾರಿನೊಳಗೆ.

ಹೊರಗೆ, ಪೆಟ್ರೋಲ್ ಟ್ಯಾಂಕಿನ ನೆತ್ತಿ. ಷೆವೆಲ್ಲಿನ ಟ್ಯಾಂಕು ಡಿಕ್ಕಿಯ ತಳಕ್ಕೆ ಎರಡು ಲೋಹದ ಪಟ್ಟಿಗಳಿಂದ ನೇತುಬಿದ್ದಿರುತ್ತದೆ. ಟ್ಯಾಂಕಿಗೂ ತಳಕ್ಕೂ ನಡುವಿನ ಬೆರಳಗಲದ ಜಾಗಕ್ಕೆ ಹಾಳೆ ತೂರಿರುತ್ತದೆ. ಬಾಲ್ಟಿಮೋರ್ ಕಾರ್ಖಾನೆಯ ಕಾರುಗಳಲ್ಲಿ ಹೀಗೆ ಸಿಗುವುದು ಜಾಸ್ತಿ ಎಂಬುದು ಈ ಬಳಗದಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಅಲ್ಲಿ ಅದಕ್ಕೆ ಮಳೆನೀರು, ಧೂಳು, ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಎಲ್ಲವೂ ತಗುಲುತ್ತದೆ. ಟ್ಯಾಂಕು ಇಳಿಸುವ ಮೊದಲು ಪೆಟ್ರೋಲನ್ನು ಪೂರ್ತಿ ಖಾಲಿ ಮಾಡಿ, ಜಾಕಿನ ಮೇಲೆ ಹಲಗೆಯಿಟ್ಟು, ಅಂಗುಲ ಅಂಗುಲವಾಗಿ ಇಳಿಸಬೇಕು. ತಟಕ್ಕನೆ ಇಳಿಸಿದರೆ ಹಾಳೆಯ ಅರ್ಧ ಟ್ಯಾಂಕಿಗೆ, ಅರ್ಧ ತಳಕ್ಕೆ.

ಷೆವರ್ಲೆಯದೇ ಕಾರ್ವೆಟ್ ಕಾರಿನಲ್ಲಿ ಇದು ಆಕಸ್ಮಿಕವಾಗಿ ಉಳಿದದ್ದಲ್ಲ. 1967ರಿಂದ ಸೇಂಟ್ ಲೂಯಿಸ್ ಕಾರ್ಖಾನೆಯಲ್ಲಿ ಈ ಪಟ್ಟಿಯನ್ನು ಟ್ಯಾಂಕಿನ ನೆತ್ತಿಗೆ ಅಂಟಿಸಿಯೇ ಬಿಡುತ್ತಿದ್ದರು. ಬಹಳ ಮಂದಿ ಅದನ್ನು ಕೀಳುವ ಗೋಜಿಗೆ ಹೋಗದೆ, ಇದ್ದಲ್ಲೇ ಫೋಟೊ ತೆಗೆದು ಬಿಡುತ್ತಾರೆ. ನನಗೆ ಕೇಳಿದರೆ ಅದೇ ಜಾಣತನ.

ಇನ್ನೊಂದು ಮಾತು. ಸಿಕ್ಕ ಹಾಳೆ ನಿಮ್ಮ ಕಾರಿನದೇ ಆಗಿರಬೇಕೆಂದಿಲ್ಲ. ಸಾಲಿನಲ್ಲಿ ಹಿಂದಿದ್ದ ಕಾರಿನ ಹಾಳೆಯನ್ನು ಮುಂದಿನದಕ್ಕೆ ತುರುಕಿದ ಉದಾಹರಣೆಗಳು ಎಷ್ಟೋ. ಒಂದೇ ಕಾರಿನಲ್ಲಿ ಮೂರು ಹಾಳೆ ಸಿಕ್ಕಿ, ಒಂದೂ ಆ ಕಾರಿನದಾಗಿರದೆ ಮಾಲೀಕ ತಲೆಯ ಮೇಲೆ ಕೈಹೊತ್ತು ಕೂತದ್ದೂ ಉಂಟು. ಹಾಳೆಯ ಮೇಲಿನ ಕ್ರಮಸಂಖ್ಯೆಯನ್ನು ಕಾರಿನ ನಂಬರಿನ ಜೊತೆ ತಾಳೆ ನೋಡುವುದು ಅದಕ್ಕೇ ಮೊದಲ ಕೆಲಸ. ಬೇರೆಯವರದಾಗಿದ್ದರೆ ಬಿಸಾಡಬಾರದು. ಎಲ್ಲೋ ಇನ್ನೊಬ್ಬ ಅದನ್ನೇ ಹುಡುಕುತ್ತಿರುತ್ತಾನೆ. ಹೀಗೆ ಹುಡುಕಿ ತಲುಪಿಸುವ ಒಳ್ಳೆಯ ಸಂಪ್ರದಾಯ ಈ ಬಳಗದಲ್ಲಿ ಉಳಿದುಕೊಂಡಿದೆ.

ಮೊದಲು ಕ್ಯಾಮೆರಾ, ಆಮೇಲೆ ಕೈ

ಕಾಗದ ಕಂಡ ಕೂಡಲೇ ಮಾಡಬೇಕಾದದ್ದು ಅದನ್ನು ಮುಟ್ಟದೆ ಫೋಟೊ ತೆಗೆಯುವುದು. ಸೀಟು ಪೂರ್ತಿ ಕಾಣುವಂತೆ ಒಂದು, ಹತ್ತಿರದಿಂದ ಒಂದು, ಕಾರಿನ ಚಾಸಿ ನಂಬರಿನ ಫಲಕದ ಜೊತೆಗೆ ಒಂದು. ಎಲ್ಲಿ ಇತ್ತು, ಹೇಗೆ ಮಡಿಸಿತ್ತು, ಯಾವ ಸ್ಪ್ರಿಂಗಿಗೆ ಸಿಕ್ಕಿತ್ತು ಎಂಬುದು ಹಾಳೆಯ ಮಾತಿಗೆ ಅರ್ಧ ಬಲ. ಮೇಜಿನ ಮೇಲೆ ಬಂದು ಬಿದ್ದ ಹಾಳೆ ಎಲ್ಲಿಂದಾದರೂ ಬಂದಿರಬಹುದು. ತುಕ್ಕಿನ ಸುರುಳಿ ಗುರುತು ಸ್ಪ್ರಿಂಗಿನ ಸುರುಳಿಗೆ ಸರಿಯಾಗಿ ಕೂರುವ ಹಾಳೆಯನ್ನು ಅಲ್ಲಗಳೆಯುವುದು ಕಷ್ಟ.

ಎರಡನೆಯದು ಇಲಿ. ತಮಾಷೆಯಲ್ಲ. ಅಮೆರಿಕದ ಕೆಲವು ಕಾಡಿಲಿಗಳ ಹಿಕ್ಕೆ-ಮೂತ್ರ ಒಣಗಿ ಎದ್ದ ಧೂಳನ್ನು ಉಸಿರಾಡಿದರೆ ಹಂಟಾವೈರಸ್ ತಗುಲಬಹುದು; ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಬರುವ ಕಾಯಿಲೆ. ನಮ್ಮ ಕರಾವಳಿ-ಮಲೆನಾಡಿನವರಿಗೆ ಗೊತ್ತಿರುವ ಇಲಿಜ್ವರ ಬೇರೆ, ಅದು ಬ್ಯಾಕ್ಟೀರಿಯಾದಿಂದ ಬರುವಂಥದ್ದು. ಹೇಗಿದ್ದರೂ ಕ್ರಮ ಒಂದೇ: ಬಾಗಿಲುಗಳನ್ನೆಲ್ಲ ತೆರೆದು ಅರ್ಧ ಗಂಟೆ ಗಾಳಿಯಾಡಲು ಬಿಡಿ, ಕೈಗವಸು ಮತ್ತು ಒಳ್ಳೆಯ ಮಾಸ್ಕು ಹಾಕಿಕೊಳ್ಳಿ, ಪೊರಕೆ-ವ್ಯಾಕ್ಯೂಮ್ ಮುಟ್ಟಬೇಡಿ, ಹಿಕ್ಕೆಯನ್ನು ಬ್ಲೀಚಿಂಗ್ ದ್ರಾವಣದಲ್ಲಿ ನೆನೆಸಿ ಒರೆಸಿ ತೆಗೆಯಿರಿ. ಕಾಗದದ ಮೇಲೆ ಮಾತ್ರ ಆ ದ್ರಾವಣದ ಹನಿಯೂ ಬೀಳಕೂಡದು. ಕಾಗದದ ನಾರನ್ನೇ ತಿಂದುಹಾಕುತ್ತದೆ.

ಇನ್ನು ಬಿಡಿಸುವುದು. ಸ್ಪ್ರಿಂಗಿನಿಂದ ಕಾಗದವನ್ನು ಎಳೆಯುವ ಬದಲು ಕಾಗದದಿಂದ ಸ್ಪ್ರಿಂಗನ್ನು ಬಿಡಿಸಬೇಕು. ಗೋಣಿತಾಟನ್ನು ಹಿಡಿದಿರುವ ಲೋಹದ ಉಂಗುರಗಳನ್ನು ಕತ್ತರಿಸಿ, ಅಡ್ಡ ಬರುವ ತಂತಿಯನ್ನು ತುಂಡರಿಸಿ. ತಂತಿ ಹೋದರೆ ಹೊಸದು ಸಿಗುತ್ತದೆ. ಕಾಗದ ಅಂಟಿಕೊಂಡಿದ್ದರೆ ಗೋಣಿತಾಟಿನ ಸಮೇತ ಕತ್ತರಿಸಿಕೊಂಡು, ಒಂದು ರಟ್ಟಿನ ಮೇಲೆ ಜಾರಿಸಿ, ಅಂಗೈಯಲ್ಲಿ ಹಕ್ಕಿಮರಿ ಹಿಡಿದಂತೆ ಒಳಗೆ ಒಯ್ಯುವುದು ಒಳ್ಳೆಯದು.

ಹಪ್ಪಳವನ್ನು ಮತ್ತೆ ಮೆತ್ತಗಾಗಿಸುವುದು

ಆ ಕಾಲದ ಕಾರ್ಖಾನೆ ಕಾಗದ ಅಗ್ಗದ ಮರದ ತಿರುಳಿನದು. ಅದರಲ್ಲಿ ಉಳಿದ ಲಿಗ್ನಿನ್ ಮತ್ತು ಆಮ್ಲ ವರ್ಷ ಕಳೆದಂತೆ ನಾರನ್ನು ಕಡಿಯುತ್ತ ಹೋಗುತ್ತವೆ. ಹಾಳೆ ಹಳದಿಯಾಗಿ, ಕಂದಾಗಿ, ಕೊನೆಗೆ ಸುಟ್ಟ ಹಪ್ಪಳದಂತಾಗುತ್ತದೆ. ಬೇಸಿಗೆಯಲ್ಲಿ ಮುಚ್ಚಿದ ಕಾರಿನ ಕಾವು ಅದನ್ನು ಇನ್ನಷ್ಟು ಬೇಗ ಬೇಯಿಸುತ್ತದೆ. ಸುಟ್ಟ ಹಪ್ಪಳದ ಮಡಿಕೆ ಬಿಡಿಸಲು ಹೋದರೆ ಏನಾಗುತ್ತದೆ? ಆಗುವುದು ಅದೇ.

ಆದರೆ ಹಪ್ಪಳವನ್ನು ಮಳೆಗಾಲದಲ್ಲಿ ಡಬ್ಬಿ ಮುಚ್ಚದೆ ಇಟ್ಟರೆ ಮೆತ್ತಗಾಗುತ್ತದೆ ಎಂದು ಎಲ್ಲ ಮನೆಗಳಲ್ಲೂ ಗೊತ್ತು. ಕಾಗದ ಸಂರಕ್ಷಕರು ಮಾಡುವುದೂ ಅದನ್ನೇ. ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ಒದ್ದೆ ಮಾಡಿ ಹಿಂಡಿದ ಹೀರುಕಾಗದ ಹಾಸುತ್ತಾರೆ. ಅದಕ್ಕೆ ತಗುಲದಂತೆ ಮೇಲೊಂದು ಜಾಲರಿ. ಜಾಲರಿಯ ಮೇಲೆ ಮಡಿಸಿದ ಹಾಳೆ. ಮುಚ್ಚಳ ಮುಚ್ಚಿ ಕೆಲವು ಗಂಟೆ ಬಿಟ್ಟರೆ ನೀರು ಮುಟ್ಟದೆ, ಬರೀ ಹಬೆಯಂಥ ತೇವದಿಂದಲೇ ನಾರು ಸಡಿಲವಾಗುತ್ತದೆ. ಗಂಟೆಗೊಮ್ಮೆ ಇಣುಕಿ ನೋಡಬೇಕು. ಮರೆತುಬಿಟ್ಟರೆ ಬೂಷ್ಟು.

ಅದಕ್ಕೂ ಮುಂಚೆ ಶಾಯಿಯ ಪರೀಕ್ಷೆ ಆಗಬೇಕು. ಹತ್ತಿಯ ತುದಿಯನ್ನು ತುಸು ಒದ್ದೆ ಮಾಡಿ, ಯಾವುದೋ ಮೂಲೆಯ ಒಂದು ಚುಕ್ಕೆಗೆ ತಾಗಿಸಿ ನೋಡುವುದು. ಪ್ರಿಂಟರಿನ ರಿಬ್ಬನ್ನಿನ ಕಪ್ಪು ಮಸಿ ಹೆಚ್ಚಾಗಿ ಇಂಗಾಲದ್ದು, ಅಲ್ಲಾಡುವುದಿಲ್ಲ. ಕೆಲಸಗಾರರು ಕೈಯಲ್ಲಿ ಗೀಚಿದ ಕ್ರೇಯಾನ್ ಗುರುತೂ ನಿಲ್ಲುತ್ತದೆ. ನೇರಳೆ ಬಣ್ಣದ ನಕಲು ಶಾಯಿ, ಪೆನ್ನಿನ ಶಾಯಿ ಕಂಡರೆ ಹುಷಾರಾಗಿರಬೇಕು; ತೇವ ಸೋಕಿದರೆ ಹರಡಿ ಕೂರುತ್ತವೆ.

ಮೆತ್ತಗಾದ ಹಾಳೆಯನ್ನು ಚಪ್ಪಟೆ ಕಡ್ಡಿಯಿಂದ ಒಂದೊಂದೇ ಮಡಿಕೆ ಬಿಡಿಸಿ, ಎರಡು ಒಣ ಹೀರುಕಾಗದಗಳ ನಡುವೆ ಇಟ್ಟು, ಮೇಲೆ ಗಾಜಿನ ಹಲಗೆ ಮತ್ತು ನಾಲ್ಕು ದಪ್ಪ ಪುಸ್ತಕ. ಹೀರುಕಾಗದವನ್ನು ದಿನಕ್ಕೊಮ್ಮೆ ಬದಲಿಸಬೇಕು. ಹರಿದ ಕಡೆ ಗೋಧಿ ಪಿಷ್ಟದ ತೆಳು ಅಂಟು ಸವರಿ, ಹಿಂಬದಿಗೆ ಜಪಾನಿನ ತೆಳು ನಾರುಕಾಗದದ ಪಟ್ಟಿ ಕೂರಿಸುತ್ತಾರೆ. ಈ ಅಂಟಿನ ಗುಣವೆಂದರೆ, ನಾಳೆ ಬೇಡವೆನಿಸಿದರೆ ನೀರಿನ ತೇವದಲ್ಲಿ ಬಿಡಿಸಿ ತೆಗೆಯಬಹುದು. ಸೆಲೋಟೇಪಿಗೆ ಆ ಗುಣವಿಲ್ಲ. ಹತ್ತು ವರ್ಷಕ್ಕೆ ಟೇಪು ಉದುರಿಹೋಗುತ್ತದೆ, ಅದರ ಕಂದು ಗೋಂದು ಮಾತ್ರ ಕಾಗದದೊಳಗೆ ಇಳಿದು ಖಾಯಂ ಆಗುತ್ತದೆ.

ತುಕ್ಕಿನ ಕಲೆ, ಎಣ್ಣೆಯ ಕಲೆ ತೆಗೆಯಲು ಹೋಗಬೇಡಿ. ಇಸ್ತ್ರಿಪೆಟ್ಟಿಗೆಯನ್ನಂತೂ ಹತ್ತಿರ ತರಬೇಡಿ. ಹಾಳೆ ಚೆಂದ ಕಾಣಿಸಬೇಕೆಂಬ ಆಸೆಯೇ ಅದರ ದೊಡ್ಡ ಶತ್ರು.

ಲ್ಯಾಮಿನೇಷನ್ ಎಂಬ ಪ್ರೀತಿ

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ನಮ್ಮ ತಂದೆಯ ಹಳೇ ಫಿಯೆಟ್ಟಿನ ಆರ್‌ಸಿ ಪುಸ್ತಕ ಬಿಡಿಬಿಡಿ ಹಾಳೆಯಾಗಿತ್ತು. ಪುಟಗಳ ಮೇಲೆ ನೇರಳೆ ಸೀಲು, ತೆರಿಗೆ ಕಟ್ಟಿದ ನಮೂದು, ಯಾವುದೋ ಗುಮಾಸ್ತರ ಉರುಟು ಸಹಿ. ಕಾಪಾಡೋಣ ಎಂದು ಹತ್ತಿರದ ಜೆರಾಕ್ಸ್ ಅಂಗಡಿಗೆ ಒಯ್ದೆ. ಬಿಸಿ ಉರುಳೆಗಳ ನಡುವಿಂದ ಮೊದಲ ಹಾಳೆ ಹೊಳೆಯುತ್ತ ಹೊರಬಂತು. ಎರಡನೆಯದು ಒಳಗೇ ಸುಕ್ಕಾಗಿ, ಆ ಸುಕ್ಕಿನ ಮೇಲೇ ಪ್ಲಾಸ್ಟಿಕ್ ಕರಗಿ ಕೂತಿತು. ಅಂಗಡಿಯ ಹುಡುಗ ಪಾಪ, ‘ಪರವಾಗಿಲ್ಲ ಸಾರ್, ಓದೋಕೆ ಬರುತ್ತೆ’ ಎಂದ. ಓದಲು ಬರುತ್ತದೆ. ಸೀಲು ವರ್ಷದಿಂದ ವರ್ಷಕ್ಕೆ ಮಾಸುತ್ತಿದೆ, ಮಾಡುವಂಥದ್ದು ಏನೂ ಇಲ್ಲ.

ಬಿಸಿ ಲ್ಯಾಮಿನೇಷನ್ ಎಂದರೆ ಕಾಗದದ ನಾರಿನೊಳಕ್ಕೆ ಅಂಟು ಕರಗಿಸುವುದು. ಒಳಗಿನ ಆಮ್ಲ ಒಳಗೇ ಕೆಲಸ ಮುಂದುವರಿಸುತ್ತದೆ, ಹೊರಗಿನಿಂದ ಯಾವ ಸಂರಕ್ಷಕನೂ ಕೈಹಾಕಲು ಆಗುವುದಿಲ್ಲ. ಅದರ ಬದಲು ಸಿಗುವುದು ಪಾಲಿಯೆಸ್ಟರ್ ಹಾಳೆಯ ಲಕೋಟೆ. ಎರಡು ಪಾರದರ್ಶಕ ಹಾಳೆಗಳ ನಡುವೆ ಕಾಗದ ಸುಮ್ಮನೆ ಮಲಗಿರುತ್ತದೆ, ಯಾವುದಕ್ಕೂ ಅಂಟಿಕೊಂಡಿರುವುದಿಲ್ಲ, ಅಂಚುಗಳನ್ನಷ್ಟೇ ಸೇರಿಸಿರುತ್ತಾರೆ. ಸ್ಟೇಷನರಿ ಅಂಗಡಿಯ ವಾಸನೆ ಬರುವ ಪಿವಿಸಿ ಲಕೋಟೆ ಬೇಡ, ಅದರಿಂದ ಹೊರಡುವ ರಾಸಾಯನಿಕ ಅಕ್ಷರಗಳನ್ನೇ ಎತ್ತಿಕೊಂಡುಬಿಡುತ್ತದೆ. ಲಕೋಟೆಯನ್ನು ತಂಪಾದ, ಒಣಗಿದ, ಕತ್ತಲ ಜಾಗದಲ್ಲಿಡಿ. ಕಾರಿನೊಳಗೆ ಇಡಬೇಡಿ. ಚೌಕಟ್ಟು ಕಟ್ಟಿಸಿ ಗೋಡೆಗೆ ಹಾಕುವ ಆಸೆಯಿದ್ದರೆ ನಕಲು ಹಾಕಿ.

ಮತ್ತು ಸ್ಕ್ಯಾನ್. ಎರಡೂ ಬದಿ, ಬಣ್ಣದಲ್ಲಿ, 600 ಡಿಪಿಐಯಲ್ಲಿ. ಹಾಳೆಯ ಹಿಂಬದಿ ಖಾಲಿಯಿದ್ದರೂ.

ಟೀ ಡಿಕಾಕ್ಷನ್ನಿನ ಹಾಳೆಗಳು

ಬೆಲೆ ಇರುವ ಕಾಗದಕ್ಕೆ ನಕಲಿ ಹುಟ್ಟದೆ ಇರುತ್ತದೆಯೇ? 2014ರಲ್ಲಿ ಸಿಯಾಟಲ್‌ನಲ್ಲಿ 1971ರ ಪ್ಲಿಮತ್ ಹೆಮಿ ಕೂಡಾ ಎಂಬ ತೆರೆದ ಕಾರು 35 ಲಕ್ಷ ಡಾಲರಿಗೆ ಹರಾಜಾಯಿತು. 1969ರ ಕ್ಯಾಮರೋ ಜೆಡ್‌ಎಲ್1 ಎಂಬುದು ತಯಾರಾದದ್ದೇ 69. ಇಂಥ ಸಂಖ್ಯೆಗಳ ನೆರಳಿನಲ್ಲಿ ಹೊಸ ಕಾಗದವನ್ನು ಟೀ ಡಿಕಾಕ್ಷನ್ನಿನಲ್ಲಿ ಅದ್ದಿ, ಒಲೆಯಲ್ಲಿ ಕಾಯಿಸಿ, ಅಂಚು ಹರಿದು ‘ಸೀಟಿನಡಿ ಸಿಕ್ಕಿತು’ ಎನ್ನುವವರು ಇದ್ದಾರೆ.

ಭೂತಗನ್ನಡಿ ಇದ್ದರೆ ಮೊದಲ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಆ ಕಾಲದ ಪ್ರಿಂಟರು ಅಕ್ಷರದ ಲೋಹದ ಅಚ್ಚನ್ನು ರಿಬ್ಬನ್ನಿನ ಮೂಲಕ ಕಾಗದಕ್ಕೆ ಗುದ್ದುತ್ತಿತ್ತು. ಹಾಗಾಗಿ ಹಾಳೆಯ ಬೆನ್ನಿಗೆ ಬೆರಳಾಡಿಸಿದರೆ ಅಕ್ಷರದ ಉಬ್ಬು ಸಿಗಬೇಕು. ಈಗಿನ ಲೇಸರ್ ಪ್ರಿಂಟರಿನ ಪುಡಿ ಕಾಗದದ ಮೇಲ್ಮೈಯಲ್ಲಿ ಹೊಳೆಯುತ್ತ ಕೂತಿರುತ್ತದೆ, ಬೆನ್ನು ನುಣುಪು. ಟೀ ಕಲೆ ಹಾಳೆಯ ತುಂಬ ಒಂದೇ ಸಮ ಹರಡಿರುತ್ತದೆ. ನಿಜವಾದ ಮುಪ್ಪು ಹಾಗಲ್ಲ, ಮಡಿಕೆಯ ಒಳಭಾಗ ತಿಳಿಯಾಗಿಯೂ ಹೊರ ಅಂಚು ಕಪ್ಪಾಗಿಯೂ ಇರುತ್ತದೆ. ನೇರಳಾತೀತ ದೀಪದಡಿ ಹೊಳೆದರೆ ಹೊಸ ಕಾಗದ ಎಂಬ ಮಾತನ್ನು ಪೂರ್ತಿ ನಂಬಬೇಡಿ, ಹೊಳಪು ಕೊಡುವ ರಾಸಾಯನಿಕ ಆಗಲೇ ಬಳಕೆಯಲ್ಲಿತ್ತು. ಅನುಮಾನಕ್ಕೆ ಅದೊಂದು ಕಾರಣ ಮಾತ್ರ.

ಕಂಪನಿಯ ಕಪಾಟಿನಲ್ಲಿ ಏನಿದೆ

ಹಾಳೆ ಸಿಗದವರಿಗೆ ಬೇರೆ ದಾರಿಗಳಿವೆ, ಕಂಪನಿಯನ್ನು ಅವಲಂಬಿಸಿ. ಪಾಂಟಿಯಾಕ್ ಕಾರುಗಳ ಡೀಲರ್ ಬಿಲ್ಲುಗಳ ಪ್ರತಿ ‘ಪಾಂಟಿಯಾಕ್ ಹಿಸ್ಟಾರಿಕ್ ಸರ್ವೀಸಸ್’ ಬಳಿ ಸಿಗುತ್ತದೆ. 1967ರಿಂದ ಈಚಿನ ಫೋರ್ಡ್ ಕಾರುಗಳ ಉತ್ಪಾದನಾ ದಾಖಲೆ ಕೆವಿನ್ ಮಾರ್ಟಿ ಎಂಬವರ ಕೈಸೇರಿ, ‘ಮಾರ್ಟಿ ರಿಪೋರ್ಟ್’ ಎಂಬ ಮಾತೇ ಚಾಲ್ತಿಗೆ ಬಂದಿದೆ. ಕ್ರೈಸ್ಲರಿನಲ್ಲಿ ಉಳಿದದ್ದು 1967ರವರೆಗಿನ ದಾಖಲೆ, ಅಂದರೆ ಎಲ್ಲರೂ ಹುಡುಕುವ ಕಾರುಗಳು ಶುರುವಾಗುವ ಹೊತ್ತಿಗೆ ಕಪಾಟು ಖಾಲಿ. ಆ ಕಾಲದ ಷೆವರ್ಲೆಯ ಒಂದೊಂದು ಕಾರಿನ ದಾಖಲೆ ಅಮೆರಿಕದಲ್ಲಿ ಉಳಿದೇ ಇಲ್ಲ. ವಿಚಿತ್ರವೆಂದರೆ ಕೆನಡಾದಲ್ಲಿ ಮಾರಾಟವಾದ ಕಾರುಗಳದ್ದು ಅಲ್ಲಿ ಉಳಿದಿದೆ. ಗಾಜಿಗೆ ಅಂಟಿಸುವ ಬೆಲೆಪಟ್ಟಿಯನ್ನು 1958ರ ಕಾನೂನು ಕಡ್ಡಾಯ ಮಾಡಿತ್ತು, ಸೆನೆಟರ್ ಮನ್ರೋನಿ ತಂದದ್ದು. ಕಾರು ಮನೆಗೆ ಬಂದ ದಿನವೇ ಅದನ್ನು ಕೆರೆದು ಬಿಸಾಡಿದವರೇ ಹೆಚ್ಚು.

ಬ್ರಿಟನ್ನಿನವರು ಈ ವಿಷಯದಲ್ಲಿ ಶಿಸ್ತಿನವರು. ಎಂಜಿ, ಆಸ್ಟಿನ್-ಹೀಲಿ, ಟ್ರಯಂಫ್ ಕಾರುಗಳ ಕಾರ್ಖಾನೆ ಖಾತೆಪುಸ್ತಕಗಳು ವಾರಿಕ್‌ಷೈರಿನ ಗೇಡನ್ ಎಂಬಲ್ಲಿನ ಬ್ರಿಟಿಷ್ ಮೋಟಾರ್ ಮ್ಯೂಸಿಯಮ್ಮಿನಲ್ಲಿವೆ. ಅವನ್ನು ನೋಡಿ ಪ್ರಮಾಣಪತ್ರ ಕೊಡುತ್ತಾರೆ. ರೋಲ್ಸ್-ರಾಯ್ಸ್ ಕಾರುಗಳ ಚಾಸಿ ಕಾರ್ಡುಗಳನ್ನು ನಾರ್ತ್‌ಹ್ಯಾಂಪ್ಟನ್‌ಷೈರಿನಲ್ಲಿ ಅದರ ಅಭಿಮಾನಿಗಳ ಸಂಘ ಕಾಪಾಡಿಕೊಂಡಿದೆ. ನಮ್ಮ ಸಂಸ್ಥಾನಗಳ ಅರಸರು ತರಿಸಿದ ಕಾರುಗಳ ಮೂಲ ಹುಡುಕುವವರು ಕೊನೆಗೆ ಹೋಗಿ ನಿಲ್ಲುವುದು ಆ ಕಾರ್ಡುಗಳ ಮುಂದೆ. ಎರಡನೇ ಮಹಾಯುದ್ಧಕ್ಕೆ ಮುಂಚೆ ಕಂಪನಿ ಚಾಸಿಯನ್ನಷ್ಟೇ ಮಾರುತ್ತಿತ್ತು, ಮೈ ಕಟ್ಟುವವರು ಬೇರೆ. ಹೀಗಾಗಿ ಯಾರಿಗೆ, ಯಾವ ಮೈಯ ಕಾರು ಹೋಯಿತು ಎಂದು ತಿಳಿಯಲು ಆ ಕಾರ್ಡೇ ಆಧಾರ.

ನಮ್ಮ ಬೀರುವಿನಲ್ಲಿ

ನಮ್ಮ ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳಿಗೆ ಆರಿಸಿಕೊಳ್ಳಲು ಅಷ್ಟೊಂದು ಬಗೆಗಳೇ ಇರಲಿಲ್ಲ. ಬುಕ್ ಮಾಡಿ ವರ್ಷಗಟ್ಟಲೆ ಕಾದು, ಕೊಟ್ಟ ಬಣ್ಣ ತೆಗೆದುಕೊಂಡು ಬರುವ ಕಾಲ. ನಮ್ಮ ಕಾರುಗಳ ಜಾತಕವಿರುವುದು ಸೀಟಿನಡಿಯಲ್ಲಲ್ಲ, ಬೀರುವಿನ ಲಾಕರಿನಲ್ಲಿ. ಹಂಚಿಕೆ ಪತ್ರ, ಡೀಲರ್ ಬಿಲ್ಲು, ಸರ್ವಿಸ್ ಪುಸ್ತಕ, ‘ಎಂವೈ’ ಎಂದು ಶುರುವಾಗುವ ನಂಬರಿನ ಹಳೇ ಆರ್‌ಸಿ.

ಇವಕ್ಕೆ ಈಗ ಕಾನೂನಿನ ಬೆಲೆಯೂ ಬಂದಿದೆ. 2021ರ ಜುಲೈಯಲ್ಲಿ ಕೇಂದ್ರ ಸಾರಿಗೆ ಸಚಿವಾಲಯ 50 ವರ್ಷ ದಾಟಿದ ಖಾಸಗಿ ವಾಹನಗಳಿಗೆ ‘ವಿಂಟೇಜ್’ ನೋಂದಣಿಯ ನಿಯಮ ತಂದಿತು. ನಂಬರು ಫಲಕದಲ್ಲಿ ರಾಜ್ಯದ ಸಂಕೇತದ ನಂತರ ‘ವಿಎ’ ಎಂಬ ಅಕ್ಷರಗಳು ಬರುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ನಂತರ ನವೀಕರಣಕ್ಕೆ 5,000. ಚಾಸಿ, ಮೈ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು ಎಂಬುದು ಷರತ್ತು. ಅರ್ಜಿಯ ಜೊತೆ ಇಡಬೇಕಾದ ಕಾಗದಗಳಲ್ಲಿ ಹಳೆಯ ಆರ್‌ಸಿಯೂ ಒಂದು, ವಿದೇಶದಿಂದ ತಂದದ್ದಾದರೆ ಸುಂಕದ ದಾಖಲೆ.

ಮನೆಯಲ್ಲಿ ಅಂಥದ್ದೊಂದು ವಾಹನ ಇದ್ದರೆ, ಅಥವಾ ಒಂದು ಕಾಲಕ್ಕೆ ಇದ್ದಿದ್ದರೆ, ಈ ಭಾನುವಾರ ಅದರ ಕಾಗದಗಳನ್ನು ಹೊರತೆಗೆಯಿರಿ. ತುಕ್ಕು ಹಿಡಿದ ಸ್ಟೇಪಲ್ ಪಿನ್ನು, ಜೆಮ್ ಕ್ಲಿಪ್ಪುಗಳನ್ನು ಬಿಡಿಸಿ. ರಬ್ಬರ್ ಬ್ಯಾಂಡ್ ಕಿತ್ತುಹಾಕಿ. ಎರಡೂ ಬದಿ ಸ್ಕ್ಯಾನ್ ಮಾಡಿಸಿ. ಹರಿದದ್ದಕ್ಕೆ ಟೇಪು ಹಚ್ಚಬೇಡಿ. ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ, ಕೇಳಿ ನೋಡಿ. ಜೆರಾಕ್ಸ್ ಅಂಗಡಿಯವರು ‘ಲ್ಯಾಮಿನೇಷನ್ ಮಾಡ್ಲಾ ಸಾರ್’ ಎಂದರೆ ಬೇಡ ಎನ್ನಿ.